ನಾಡಿ ಒತ್ತಡ: ಕಳೆಯುವುದು ಸುಲಭ, ಅಳೆಯುವುದೇ ಕಷ್ಟ

ಅರವತ್ತು ದಾಟಿದವರು “ಮೇಲಿನ ಬಿಪಿ ಸ್ವಲ್ಪ ಜಾಸ್ತಿ, ಕೆಳಗಿನದು ಎಪ್ಪತ್ತೇ ಇದೆಯಲ್ಲ, ತೊಂದರೆಯಿಲ್ಲ” ಎಂದು ಸಮಾಧಾನ ಹೇಳಿಕೊಳ್ಳುವುದನ್ನು ಮಂಗಳೂರು, ಉಡುಪಿಯ ಯಾವುದೇ ಮದುವೆಯೂಟದ ಪಂಕ್ತಿಯಲ್ಲಿ ಕೇಳಬಹುದು. ಈ ಸಮಾಧಾನಕ್ಕೆ ಆಧಾರವಿಲ್ಲ. ಮೇಲಿನ ಅಂಕಿ (ಹೃದಯ ಹಿಂಡಿದಾಗಿನ ಒತ್ತಡ) 160, ಕೆಳಗಿನದು (ಅದು ಸಡಿಲಗೊಂಡಾಗಿನದು) 70 ಎಂದಾದರೆ ನಡುವಿನ ಅಂತರ 90. ಈ ಅಂತರವನ್ನೇ ವೈದ್ಯರು ಪಲ್ಸ್ ಪ್ರೆಶರ್, ಅಂದರೆ ನಾಡಿ ಒತ್ತಡ, ಎನ್ನುತ್ತಾರೆ. ಇದು ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿರುತ್ತದೆ. ವಯಸ್ಸಾದವರಲ್ಲಿ 60ನ್ನು ದಾಟಿ ಅಲ್ಲಿಯೇ ನಿಂತರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿದೆ ಎಂದು ತಿಳಿಯಬೇಕು.

ಯೌವನದಲ್ಲಿ ಮಹಾಪಧಮನಿಯು, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವು, ಪ್ರತಿ ಬಡಿತಕ್ಕೂ ಹಿಗ್ಗಿ, ನುಗ್ಗಿಬಂದ ರಕ್ತದ ಒಂದು ಪಾಲನ್ನು ಹಿಡಿದಿಟ್ಟುಕೊಂಡು, ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ಕಳುಹಿಸುತ್ತದೆ. ವರ್ಷಗಳು ಕಳೆದಂತೆ ಗೋಡೆಯ, ರಬ್ಬರಿನಂತೆ ಹಿಗ್ಗುವ ಎಲಾಸ್ಟಿನ್ ನಾರುಗಳು ಸವೆದು, ಗಡಸು ನಾರಾದ ಕೊಲಾಜೆನ್ ಮತ್ತು ಕ್ಯಾಲ್ಸಿಯಂ ಸೇರಿಕೊಂಡು, ಅಡಿಕೆ ತೋಟದಲ್ಲಿ ಬಿಸಿಲಿಗೆ ಬಿದ್ದ ಪೈಪಿನಂತೆ ಅದು ಬಿರುಸಾಗುತ್ತದೆ. ಆಗ ಮೇಲಿನ ಒತ್ತಡ ಏರುತ್ತಲೇ ಹೋಗುತ್ತದೆ, ಕೆಳಗಿನದು ಐವತ್ತು-ಅರವತ್ತರ ಬಳಿಕ ಇಳಿಯತೊಡಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಹೃದಯ ಅಧ್ಯಯನವು, ನಡುವಯಸ್ಸು ದಾಟಿದವರ ಹೃದಯದ ಅಪಾಯವನ್ನು ಅಂದಾಜಿಸಲು ಈ ಅಂತರ ಎಷ್ಟು ಉಪಯುಕ್ತವೆಂಬುದನ್ನು 1999ರಲ್ಲಿ ತೋರಿಸಿಕೊಟ್ಟಿತು.

ಈ ಅಂತರವನ್ನು ಮನೆಯಲ್ಲಿಯೇ ನೋಡಿಕೊಳ್ಳಲು ನಾಲ್ಕು ಹಂತಗಳಿವೆ. ಮೊದಲ ಹಂತ, ಯಂತ್ರ. ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಯಂತ್ರವನ್ನೇ ಕೊಳ್ಳಿರಿ. ಮಣಿಕಟ್ಟಿನ ಯಂತ್ರಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊಬೈಲ್ ಕ್ಯಾಮರಾಕ್ಕೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನಂತೂ ಮೊಮ್ಮಕ್ಕಳ ಆಟಕ್ಕೆ ಬಿಟ್ಟುಬಿಡಿ. ಕೊಳ್ಳುವ ಮೊದಲು ದರ್ಜಿಯ ಟೇಪಿನಿಂದ ತೋಳಿನ ಸುತ್ತಳತೆ ನೋಡಿಕೊಳ್ಳಬೇಕು, ಏಕೆಂದರೆ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದೆ.

ಎರಡನೆಯ ಹಂತ, ಕುಳಿತುಕೊಳ್ಳುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಪೇಟೆಯಿಂದ ಬಸ್ಸಿನಲ್ಲಿ ಬಂದು, ಮೆಟ್ಟಿಲು ಹತ್ತಿ, ಬೆವರು ಒರೆಸಿಕೊಳ್ಳುತ್ತಲೇ ಪಟ್ಟಿ ಸುತ್ತಿಕೊಳ್ಳುತ್ತಾರೆ. ದಣಿವಿನಲ್ಲೂ ಉದ್ವೇಗದಲ್ಲೂ ಮೇಲಿನ ಅಂಕಿಯೇ ಹೆಚ್ಚು ಏರುವುದರಿಂದ ಅಂತರ ಸುಳ್ಳುಸುಳ್ಳೇ ದೊಡ್ಡದಾಗುತ್ತದೆ. ಅಳೆಯುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ನಡಿಗೆ ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದಗಳನ್ನು ನೆಲಕ್ಕೆ ಊರಿ, ಟಿವಿಯ ವಾರ್ತೆ ಆರಿಸಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಯಂತ್ರ ಗಾಳಿ ತುಂಬಿಸುತ್ತಿರುವಾಗ “ಎಷ್ಟು ಬಂತು, ಎಷ್ಟು ಬಂತು” ಎಂದು ವಿಚಾರಿಸುವ ಮನೆಮಂದಿಯನ್ನು ಒಳಗೆ ಕಳುಹಿಸುವುದು ಒಳ್ಳೆಯದು, ಏಕೆಂದರೆ ಉತ್ತರ ಕೊಟ್ಟರೂ ಬಿಪಿ ಏರುತ್ತದೆ.

ಪಟ್ಟಿ ಬರಿಯ ತೋಳಿನ ಮೇಲೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಕ್ಕೆ ಇರಬೇಕು. ಅಂಗಿಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಬಿಗಿಯಾದ ಕಟ್ಟು ಆಗುವುದರಿಂದ ಅಂಗಿ ತೆಗೆದುಬಿಡುವುದೇ ಸರಿ. ನಮ್ಮ ಊರಿನ ಸೆಕೆಗೆ ಅದೇನೂ ಕಷ್ಟವಲ್ಲ. ಚಾವಡಿಯ ಪ್ಲಾಸ್ಟಿಕ್ ಕುರ್ಚಿಯ ಕೈಗಳು ಬಹಳ ತಗ್ಗು. ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಎರಡೂ ಅಂಕಿಗಳು ಸುಮಾರು 7–8ರಷ್ಟು ಒಟ್ಟಿಗೆ ಏರುತ್ತವೆ: ಅಂತರ ಸರಿಯಾಗಿಯೇ ಕಂಡರೂ ಬಿಪಿ ತಪ್ಪಾಗಿರುತ್ತದೆ. ಕೈಯನ್ನು ಮೇಜಿನ ಮೇಲಿಟ್ಟು, ಅದರ ಅಡಿಗೆ ಒಂದು ಬೈರಾಸನ್ನು (ಟವೆಲನ್ನು) ಮಡಚಿ ಇಡಿ. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದೆಯೂ ಬಳಸಬೇಕು.

ಮೂರನೆಯ ಹಂತ: ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ.

ನಾಲ್ಕನೆಯದು ಬರೆದಿಡುವುದು. ಒಂದು ವಾರ ಬೆಳಿಗ್ಗೆ ಮಾತ್ರೆಗೆ ಮೊದಲು, ರಾತ್ರಿ ಮಲಗುವ ಮೊದಲು ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಯಂತ್ರದ ಮೆಮೊರಿಯನ್ನು ನಂಬಬೇಡಿ, ಮನೆಯವರೆಲ್ಲರ ಬಿಪಿ ಅದರಲ್ಲಿ ಬೆರೆತಿರುತ್ತದೆ, ಪುಸ್ತಕವೇ ಆಗಬೇಕು. ಎದ್ದಾಗ ತಲೆ ಸುತ್ತುವವರು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಲಿ. ಮೇಲಿನದು 20 ಅಥವಾ ಕೆಳಗಿನದು 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಲೇಬೇಕು.

ಅಂತರ ಹೆಚ್ಚಿದ್ದ ಮಾತ್ರಕ್ಕೆ ಕಾರಣ ವಯಸ್ಸೇ ಎಂದು ತೀರ್ಮಾನಿಸುವಂತಿಲ್ಲ. ಮಹಾಪಧಮನಿಯ ಕವಾಟದ ಸೋರಿಕೆ, ರಕ್ತಹೀನತೆ, ಥೈರಾಯ್ಡ್ ಹೆಚ್ಚಳಗಳಲ್ಲಿಯೂ ಹೀಗಾಗುತ್ತದೆ. ಹೃದಯ ಬಡಿತದ ಲಯ ತಪ್ಪಿದವರಲ್ಲಿ ಡಿಜಿಟಲ್ ಅಂಕಿಯೇ ಅಸ್ಥಿರ. ಕೆಳಗಿನ ಅಂಕಿ ತಗ್ಗಿದೆಯೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವವರೂ ಇದ್ದಾರೆ, ಅದು ಅಪಾಯ. ಹೃದಯದ ಸ್ನಾಯುವಿಗೆ ರಕ್ತ ಹರಿಯುವುದು ಮುಖ್ಯವಾಗಿ ಅದು ಸಡಿಲಗೊಂಡಾಗ, ಆದ್ದರಿಂದ ಕೆಳಗಿನದು ಎಷ್ಟು ಇಳಿಯಬಹುದು ಎಂಬ ಲೆಕ್ಕ ವೈದ್ಯರದು. ನಿಮ್ಮ ಕೈಯಲ್ಲಿರುವುದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ. ಕುಚ್ಚಲಕ್ಕಿ ಗಂಜಿಗೆ ನೆಂಜಿಕೊಳ್ಳುವ ಉಪ್ಪಿನಕಾಯಿ, ಒಣಮೀನು, ಹಪ್ಪಳ ಇವೆಲ್ಲ ಆ ಲೆಕ್ಕದೊಳಗೇ ಬರಬೇಕು.

ವೈದ್ಯರ ಬಳಿ ಹೋಗುವಾಗ ಪುಸ್ತಕದೊಂದಿಗೆ ಯಂತ್ರವನ್ನೂ ಒಯ್ಯಿರಿ. ಅಲ್ಲಿಯ ಉಪಕರಣದೊಂದಿಗೆ ತಾಳೆ ನೋಡಿಸಿ, ವ್ಯತ್ಯಾಸ ಪ್ರತಿ ಸಲವೂ 10ಕ್ಕಿಂತ ಹೆಚ್ಚು ಬಂದರೆ ಪಟ್ಟಿಯ ಅಳತೆಯನ್ನು ಮೊದಲು ಪರೀಕ್ಷಿಸಿ, ಅದು ಸರಿಯಿದ್ದರೆ ಯಂತ್ರವನ್ನೇ ಬದಲಿಸಿ.