ಊರಿನ ಬಾವಿಗಳ ಮ್ಯಾಪ್: ಮಕ್ಕಳ ಕೈಯಲ್ಲೇ ಮಾಡಿಸುವುದು ಹೇಗೆ

ಮ್ಯಾಪ್ ಪ್ರಾಜೆಕ್ಟ್ ಅಂದ ಕೂಡಲೇ ಉಡುಪಿಯ ಹೆಚ್ಚಿನ ಮಕ್ಕಳು ಕೃಷ್ಣಮಠ, ಮಲ್ಪೆ ಬೀಚ್, ಸೇಂಟ್ ಮೇರೀಸ್ ದ್ವೀಪ, ಕಾಪು ಲೈಟ್‌ಹೌಸ್ ಅಂತ ನಾಲ್ಕು ಪಿನ್ ಹಾಕಿ ತರುತ್ತಾರೆ. ಮೊದಲ ವರ್ಷ ನಾನೂ ಅದನ್ನೇ ಮಾಡಿಸಿದ್ದೆ. ಆದರೆ ಅವೆಲ್ಲ ಗೂಗಲ್ ಮ್ಯಾಪ್‌ನಲ್ಲಿ ಮೊದಲೇ ಇವೆ, ಅಲ್ವಾ? ಮ್ಯಾಪ್‌ನಲ್ಲಿ ಇಲ್ಲದ್ದನ್ನು ಮಕ್ಕಳು ಹುಡುಕಿ ತರಬೇಕು. ತಂದದ್ದನ್ನು ಮ್ಯಾಪ್ ಮೇಲೆ ಇಟ್ಟಾಗಲೇ ಕಾಣುವಂಥ ಉತ್ತರವೊಂದು ಅದರಲ್ಲಿ ಇರಬೇಕು.

ಹಾಗಾಗಿ ಮೊದಲು ಪ್ರಶ್ನೆ, ಆಮೇಲೆ ಕಂಪ್ಯೂಟರ್. ನಾವು ಹಿಡಿದದ್ದು ಬಾವಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಊರಲ್ಲಿ ಬೇಸಿಗೆ ಬಂದರೆ ಕೆಲವು ಬಾವಿ ಬತ್ತುತ್ತವೆ, ಪಕ್ಕದ ಓಣಿಯ ಬಾವಿಯಲ್ಲಿ ನೀರು ಇದ್ದೇ ಇರುತ್ತದೆ. ಯಾಕೆ? ಕಡಲ ಬದಿಯ ಕೋಡಿಬೆಂಗ್ರೆ ಕಡೆಯ ಮಕ್ಕಳಾದರೆ ಇನ್ನೊಂದು ಪ್ರಶ್ನೆ ತಾವೇ ಸೇರಿಸುತ್ತಾರೆ: ಯಾವ ಬಾವಿಯ ನೀರು ಉಪ್ಪಾಗುತ್ತದೆ, ಯಾವ ತಿಂಗಳಿಂದ?

ಅಳತೆ ಎರಡು ಸಲ ಬೇಕು. ಮೊದಲನೆಯದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಮಳೆ ಬಿಟ್ಟ ಒಂದು ದಿನ. ಎರಡನೆಯದು ಮಾರ್ಚ್‌ನಲ್ಲಿ, ಪರೀಕ್ಷೆಯ ಗಡಿಬಿಡಿಗೆ ಮೊದಲು. ಹೀಗೆ ಮಾಡಿದರೆ ಅದೇ ಕ್ಲಾಸು, ಅದೇ ಮಕ್ಕಳು ಎರಡೂ ಅಳತೆ ನೋಡುತ್ತಾರೆ. ಏಪ್ರಿಲ್-ಮೇಯ ಅಳತೆ ಸಿಕ್ಕಿದರೆ ಒಳ್ಳೆಯದೇ, ಆದರೆ ಆಗ ರಜೆ. ಮನೆಯ ದೊಡ್ಡವರ ಜೊತೆ ಮಾತ್ರ ಮಾಡಿ ಅಂತ ಹೇಳಿ ಕಳಿಸಿ.

ಅಳೆಯುವುದಕ್ಕೆ ದುಬಾರಿ ಸಾಮಾನು ಏನೂ ಬೇಡ. ಒಂದು ಹಗ್ಗ, ಅಡಿಗೊಂದು ಗಂಟು, ತುದಿಗೆ ಕಲ್ಲು. ಹಗ್ಗ ಬಿಡುವುದು ದೊಡ್ಡವರು, ಗಂಟು ಎಣಿಸುವುದು ಮತ್ತು ಬರೆಯುವುದು ಮಕ್ಕಳು. ಇದರಲ್ಲಿ ರಿಯಾಯಿತಿ ಬೇಡ. ಕಟ್ಟೆ ಇಲ್ಲದ ಬಾವಿ, ಹಾಳು ಬಾವಿ ಇದ್ದರೆ ಹತ್ತಿರವೇ ಹೋಗಬಾರದು. ಕೆಲವು ಮನೆಯಲ್ಲಿ ಕಟ್ಟೆ ಮೂರಡಿ, ಕೆಲವಲ್ಲಿ ಒಂದಡಿ ಇರುತ್ತದೆ, ಆದ್ದರಿಂದ ಕಟ್ಟೆಯ ಎತ್ತರ ಕಳೆದು ನೆಲದಿಂದ ನೀರಿನವರೆಗೆ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ಒಂದು ಬಾವಿಯನ್ನು ಇನ್ನೊಂದರ ಜೊತೆ ಹೋಲಿಸಲು ಆಗುವುದಿಲ್ಲ. ಅಜ್ಜ-ಅಜ್ಜಿಯಂದಿರು ಆಳವನ್ನು ಕೋಲು ಅನ್ನುವ ಹಳೆಯ ಅಳತೆಯ ಲೆಕ್ಕದಲ್ಲಿ ಹೇಳುತ್ತಾರೆ. ಅದನ್ನು ಹಾಗೇ ಬೇರೆ ಕಾಲಂನಲ್ಲಿ ಬರೆದುಕೊಳ್ಳಲಿ. ಬಾವಿ ತೋಡಿದ ಕಥೆ ಹೇಳಿದರೆ ಅದನ್ನೂ ಬರೆಯಲಿ. ಮ್ಯಾಪ್‌ನಲ್ಲಿ ಪಿನ್ ಒತ್ತಿದಾಗ ತೆರೆಯುವ ಪುಟ್ಟ ಚೌಕದಲ್ಲಿ ಜನ ಜಾಸ್ತಿ ಓದುವುದು ಇಂಥದ್ದನ್ನೇ.

ಜಾಗ ಗುರುತಿಸಲು ಒಂದು ಫೋನ್ ಸಾಕು. ಗೂಗಲ್ ಮ್ಯಾಪ್‌ನಲ್ಲಿ ಬಾವಿ ಇರುವಲ್ಲಿ ಬೆರಳು ಒತ್ತಿ ಹಿಡಿದರೆ 13.3409, 74.7421 ಅನ್ನುವಂಥ ಎರಡು ಸಂಖ್ಯೆ ಬರುತ್ತದೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಚುಕ್ಕಿಯ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್‌ವರೆಗೆ ಸರಿಯಾದ ಜಾಗ, ಐದು ಬರೆದರೆ ಸುಮಾರು ಒಂದು ಮೀಟರ್. ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರ್ ಆಚೀಚೆ. ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಅನ್ನುವ ಪಾಠವನ್ನು ಇಲ್ಲೇ ಮಾಡಿಬಿಡಿ, ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ. ನಮ್ಮಲ್ಲಿ ಒಂದು ಗುಂಪು ಎರಡೂ ಸಂಖ್ಯೆ ಅದಲು ಬದಲು ಮಾಡಿತು, ಅವರ ಬಾವಿಗಳೆಲ್ಲ ನಾರ್ವೆಯ ಉತ್ತರದ ಸಮುದ್ರದಲ್ಲಿ ಹೋಗಿ ಕೂತವು. ಅದನ್ನು ನಾನು ತಿದ್ದಲಿಲ್ಲ. ಯಾಕೆ ಹಾಗಾಯ್ತು ಅಂತ ಅವರೇ ಗೋಳ ಹಿಡಿದು ಹುಡುಕಿದರು. ಆ ಗುಂಪಿನ ಮಕ್ಕಳಿಗೆ ಅಕ್ಷಾಂಶ-ರೇಖಾಂಶ ಮತ್ತೆ ಹೇಳಿಕೊಡಬೇಕಾಗಿ ಬರಲಿಲ್ಲ.

ಎಲ್ಲವನ್ನೂ ಗೂಗಲ್ ಶೀಟ್‌ನಲ್ಲಿ ತುಂಬಿಸಿ. ಕಾಲಂಗಳು ಇಷ್ಟು: ಬಾವಿ ನಂಬರ್, ಅಕ್ಷಾಂಶ, ರೇಖಾಂಶ, ಆಟಿಯಲ್ಲಿ ನೆಲದಿಂದ ನೀರಿಗೆ ಎಷ್ಟು ಆಳ, ಮಾರ್ಚ್‌ನಲ್ಲಿ ಎಷ್ಟು ಆಳ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಯೋ ಸಿಮೆಂಟ್ ರಿಂಗ್ ಇಳಿಸಿದ ಬಾವಿಯೋ, ನೀರಿನ ರುಚಿ, ಕಥೆ. ತಲೆಬರಹ ಕನ್ನಡದಲ್ಲೇ ಇರಲಿ, ತೊಂದರೆ ಇಲ್ಲ. ಆದರೆ ಆಳದ ಕಾಲಂನಲ್ಲಿ "12 ಅಡಿ" ಅಂತ ಬರೆಯಬೇಡಿ, ಬರೀ 12 ಅಂತ ಬರೆಯಿರಿ. ಅಕ್ಷರ ಸೇರಿದರೆ ಕಂಪ್ಯೂಟರ್ ಅದನ್ನು ಸಂಖ್ಯೆ ಅಂತ ತಿಳಿಯುವುದಿಲ್ಲ, ಆಮೇಲೆ ಆಳದ ಪ್ರಕಾರ ಬಣ್ಣ ಹಾಕಲು ಆಗುವುದಿಲ್ಲ. ಮನೆಯವರ ಹೆಸರು, ಫೋನ್ ನಂಬರ್ ಶೀಟ್‌ನಲ್ಲಿ ಬೇಡವೇ ಬೇಡ. ಬಾವಿಯನ್ನು ಮ್ಯಾಪ್‌ನಲ್ಲಿ ತೋರಿಸಬಹುದಾ ಅಂತ ಮಕ್ಕಳೇ ಹೋಗಿ ಕೇಳಲಿ. ಬೇಡ ಅಂದವರದ್ದು ಬಿಟ್ಟುಬಿಡಿ.

ಇನ್ನು ಮ್ಯಾಪ್. ಗೂಗಲ್ ಮೈ ಮ್ಯಾಪ್ಸ್ ತೆರೆದು, ಹೊಸ ಮ್ಯಾಪ್‌ನಲ್ಲಿ ಇಂಪೋರ್ಟ್ ಒತ್ತಿ, ಶೀಟ್ ಆರಿಸಿ, ಅಕ್ಷಾಂಶ ಯಾವ ಕಾಲಂ, ರೇಖಾಂಶ ಯಾವುದು ಅಂತ ತೋರಿಸಿದರೆ ಪಿನ್‌ಗಳೆಲ್ಲ ಒಮ್ಮೆಲೇ ಬೀಳುತ್ತವೆ. ಲ್ಯಾಪ್‌ಟಾಪ್ ಒಂದೇ ಇದ್ದರೂ ನಡೆಯುತ್ತದೆ, ಖಾತೆ ಟೀಚರದ್ದೇ ಇರಲಿ. ಒಂದು ಮ್ಯಾಪ್‌ಗೆ 10 ಲೇಯರ್ (ಪದರ), ಒಂದು ಲೇಯರ್‌ಗೆ 2,000 ಸಾಲು ಹಿಡಿಯುತ್ತದೆ, ಶಾಲೆಗೆ ಧಾರಾಳ ಆಯಿತು. ಒಂದು ವಿಷಯ ಗಮನ ಇರಲಿ: ಆಮೇಲೆ ಶೀಟ್‌ನಲ್ಲಿ ತಿದ್ದಿದ್ದು ಮ್ಯಾಪ್‌ಗೆ ತಾನಾಗಿ ಬರುವುದಿಲ್ಲ, ಮತ್ತೆ ಇಂಪೋರ್ಟ್ ಮಾಡಬೇಕು. ಗೂಗಲ್ ಖಾತೆ ಬೇಡ ಅನ್ನುವವರು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುವ ಯುಮ್ಯಾಪ್ ನೋಡಿ. ಖಾತೆ ಇಲ್ಲದೆ ಮಾಡಿದರೆ ಅದು ತಿದ್ದುವುದಕ್ಕೆ ಬೇರೆ ಲಿಂಕ್ ಕೊಡುತ್ತದೆ, ಅದನ್ನು ಜೋಪಾನವಾಗಿ ಬರೆದಿಡಿ.

ಈಗ ಬಣ್ಣ. ಲೇಯರ್‌ನ ಸ್ಟೈಲ್‌ನಲ್ಲಿ ಮಾರ್ಚ್‌ನ ಆಳದ ಕಾಲಂ ಆರಿಸಿ, ರೇಂಜ್ ಅಂತ ಕೊಡಿ. ನೀರು ಮೇಲೆ ಇರುವ ಬಾವಿ ಒಂದು ಬಣ್ಣ, ಆಳಕ್ಕೆ ಹೋದದ್ದು ಕೆಂಪು. ಕೆಳಗಿನ ಬೇಸ್ ಮ್ಯಾಪನ್ನು ಗುಡ್ಡ-ತಗ್ಗು ತೋರಿಸುವ ಟೆರೇನ್‌ಗೆ ಬದಲಿಸಿ, ಆಮೇಲೆ ಸ್ಯಾಟಲೈಟ್‌ಗೆ. ಇಷ್ಟಾದ ಮೇಲೆ ನೀವು ಬಾಯಿ ಮುಚ್ಚಿ ಕೂರಬೇಕು, ಇದೇ ಕಷ್ಟದ ಕೆಲಸ. ಹತ್ತು ನಿಮಿಷ ಏನೂ ಹೇಳಬೇಡಿ. ನಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಪರದೆ ಮೇಲೆ ಬೆರಳಿಟ್ಟು, "ಟೀಚರ್, ಗದ್ದೆ ಬದಿಯ ಬಾವಿ ಯಾವುದೂ ಕೆಂಪಾಗಿಲ್ಲ, ಗುಡ್ಡದ ಮೇಲಿನದ್ದೇ ಕೆಂಪು" ಅಂದಳು. ಅಲ್ಲಿಂದ ಮಾತು ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ದಕ್ಕೆ ಹೋಯಿತು, ಬೋರ್‌ವೆಲ್‌ಗೆ ಹೋಯಿತು, ಮುಚ್ಚಿಹೋದ ಮದಗಕ್ಕೂ (ಮಳೆನೀರು ನಿಲ್ಲುವ ಕೆರೆ) ಹೋಯಿತು. ಗದ್ದೆಗೂ ಬಾವಿಗೂ ಇಷ್ಟೇ ಸಂಬಂಧ ಅಂತ ಇಪ್ಪತ್ತು ಬಾವಿ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಅದನ್ನೂ ಮಕ್ಕಳಿಗೆ ಹೇಳಿ. ಮುಂದಿನ ವರ್ಷದವರು ಎಲ್ಲಿ ಅಳೆಯಬೇಕು ಅಂತ ತೋರಿಸಲು ಆವತ್ತೇ ನಮ್ಮ ಮಕ್ಕಳು ಹೊಸ ಲೇಯರ್ ಮಾಡಿ, ಗದ್ದೆ ಮುಚ್ಚಿದ ಜಾಗಗಳ ಸುತ್ತ ಗೆರೆ ಎಳೆದು ಇಟ್ಟರು.