ಜಿಂಕೆ ಬೇಟೆಗೆ ಸೀಸನ್ ಯಾವಾಗ? ದಾವಣಗೆರೆ, ಚಿತ್ರದುರ್ಗದವರಿಗೆ ಕಾನೂನಿನ ಕೈಪಿಡಿ

ಸೀಸನ್ ಇಲ್ಲ. ಜಗಳೂರಿನ ಕುರುಚಲು ಕಾಡಿರಲಿ, ಚಳ್ಳಕೆರೆ ಕಡೆಯ ಕಾವಲಿರಲಿ, ನಿಮ್ಮದೇ ಪಟ್ಟಾ ಹೊಲವಿರಲಿ, ಜಿಂಕೆ ಹೊಡೆಯಲು ವರ್ಷದಲ್ಲಿ ಒಂದು ದಿನವೂ ಬಿಡುವಿಲ್ಲ. ಫೀಸು ಕಟ್ಟಿ ತರುವ ಬೇಟೆ ಲೈಸೆನ್ಸೂ ಇಲ್ಲ. "ನಮ್ಮ ಕಾಲದಲ್ಲಿ ಇತ್ತು" ಎಂದು ಹಿರಿಯರು ಹೇಳುವುದು ಸುಳ್ಳಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಮೂಲ ರೂಪದಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಲೈಸೆನ್ಸ್ ಕೊಡುವ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನು ಪೂರ್ತಿ ತೆಗೆದುಹಾಕಿತು. ಹಾಗಾಗಿ ಹಳೇ ಲೈಸೆನ್ಸ್ ಪುಸ್ತಕ ಮನೆಯಲ್ಲಿದ್ದರೂ ಅದು ಈಗ ಬರೀ ಕಾಗದ.

ಕೇಸಿಗೆ ಸಿಕ್ಕಿಕೊಳ್ಳಲು ಕೋವಿ ಹಿಡಿದು ಕಾಡಿಗೇ ಹೋಗಬೇಕೆಂದಿಲ್ಲ. ಉರುಳು ಕಟ್ಟಿದವರು, ಮಾಂಸದಲ್ಲಿ ಪಾಲು ತೆಗೆದುಕೊಂಡವರು, ಬೇಲಿಗೆ ಕರೆಂಟ್ ಕೊಟ್ಟವರು "ಇದೂ ಬೇಟೆಯಾ?" ಎಂದು ಕೇಳುವುದು ಜಪ್ತಿ ಆದ ಮೇಲೆ. ಆದ್ದರಿಂದ ಕಾನೂನು ಯಾವುದನ್ನು ಬೇಟೆ ಅನ್ನುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕಾಯ್ದೆಯ 2ನೇ ಕಲಂ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಅಥವಾ ಬಲೆ ಹಾಕುವುದು, ವಿಷ ಇಡುವುದು, ಆಸೆ ತೋರಿಸಿ ಕರೆಯಲು ಮೇವು ಇಡುವುದು, ಗಾಯ ಮಾಡುವುದು, ಈ ಉದ್ದೇಶಕ್ಕೆ ಪ್ರಾಣಿಯನ್ನು ಅಟ್ಟುವುದು, ಇವೆಲ್ಲವೂ ಬೇಟೆಯೇ. ಇವುಗಳಲ್ಲಿ ಯಾವುದಕ್ಕಾದರೂ ಪ್ರಯತ್ನ ಮಾಡಿದ್ದರೂ ಅಷ್ಟೇ. ಉರುಳಿಗೆ ಏನೂ ಬೀಳಲಿಲ್ಲ, ಗುಂಡು ತಪ್ಪಿತು ಎಂಬುದು ಸಮಜಾಯಿಷಿ ಆಗುವುದಿಲ್ಲ. ನಾಯಿ ಬಿಟ್ಟು ಅಟ್ಟಿಸಿದವರೂ, ರಾತ್ರಿ ಬೈಕಿನಲ್ಲಿ ಹೆಡ್‌ಲೈಟ್ ಹಾಯಿಸಿ ನಿಲ್ಲಿಸಿಕೊಟ್ಟವರೂ ಇದರಲ್ಲೇ ಬರುತ್ತಾರೆ. ಅವರ ಬೈಕು, ಟಾರ್ಚು, ಬಲೆ ಎಲ್ಲ ಜಪ್ತಿಯಾಗುತ್ತವೆ.

ಮಾಂಸದ ವಿಷಯ ಇನ್ನೂ ಬಿಗಿ. ಬೇಟೆಗೆ ಹೋಗದೆ ಪಾಲು ಮಾತ್ರ ತೆಗೆದುಕೊಂಡರೂ, ಅದು ನಿಮ್ಮ ವಶದಲ್ಲಿ ಸಿಕ್ಕರೆ ಕಾನೂನುಬದ್ಧವಾಗಿ ಬಂದದ್ದು ಎಂದು ಸಾಬೀತು ಮಾಡುವ ಹೊಣೆ ನಿಮ್ಮದೇ. 57ನೇ ಕಲಂ ಹೇಳುವುದು ಇದನ್ನು. ಜಿಂಕೆ ಮಾಂಸ ಕಾನೂನುಬದ್ಧವಾಗಿ ಬರುವ ದಾರಿಯೇ ಇಲ್ಲದಿರುವಾಗ ಯಾರು ಏನೆಂದು ಸಾಬೀತು ಮಾಡಿಯಾರು? ಗೋಡೆಗೆ ತೂಗುಹಾಕಿದ ಕೊಂಬಿಗೂ ಇದೇ ಮಾತು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ರಾಜ್ಯವಿಡೀ ಸುದ್ದಿಯಾದಾಗ ಎಷ್ಟೋ ಮನೆಗಳ ಅಟ್ಟ ತಡಕಾಡಿದ್ದು ನೆನಪಿರಬಹುದು. ತಾತನ ಕಾಲದ ಕೊಂಬಿಗೆ ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ, ಅದನ್ನು ಮಾರುವುದಕ್ಕೂ ಕೊಡುವುದಕ್ಕೂ ಹೋಗದೆ ವಲಯ ಅರಣ್ಯ ಕಚೇರಿಯಲ್ಲಿ ಮುಂದೇನು ಎಂದು ಕೇಳಿ.

ಯಾವ ಪ್ರಾಣಿ, ಎಷ್ಟು ಶಿಕ್ಷೆ

ಶಿಕ್ಷೆ ಎಷ್ಟು ಎಂಬುದು ಪ್ರಾಣಿ ಕಾಯ್ದೆಯ ಯಾವ ಅನುಸೂಚಿಯಲ್ಲಿದೆ (ಅಂದರೆ ಕಾಯ್ದೆಗೆ ಸೇರಿಸಿದ ಯಾವ ಪಟ್ಟಿಯಲ್ಲಿದೆ), ಜಾಗ ಯಾವುದು ಎಂಬುದರ ಮೇಲೆ ನಿಂತಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಆರು ಇದ್ದ ಅನುಸೂಚಿಗಳು ನಾಲ್ಕಾಗಿವೆ. ಹಳೇ ಪಟ್ಟಿ ನೋಡಿ ಲೆಕ್ಕ ಹಾಕಬೇಡಿ.

ನಮ್ಮ ಬಯಲಿನಲ್ಲಿ ಹಿಂಡಾಗಿ ಓಡುವ ಕೃಷ್ಣಮೃಗ, ಜಗಳೂರು ತಾಲ್ಲೂಕಿನ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆ), ಹಿರಿಯೂರಿನ ಆಚೆ ಶಿರಾ ಕಡೆಯ ಚಿಂಕಾರ, ಮೂರೂ 1ನೇ ಅನುಸೂಚಿಯವು. ಇವನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಚುಕ್ಕೆ ಜಿಂಕೆ, ಮೊಲ, ಕಾಡುಹಂದಿ 2ನೇ ಅನುಸೂಚಿಯಲ್ಲಿವೆ. ಇವಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಮೊಲವನ್ನು ಅಭಯಾರಣ್ಯದೊಳಗೆ ಹೊಡೆದರೆ ಮತ್ತೆ 3ರಿಂದ 7 ವರ್ಷದ ಲೆಕ್ಕವೇ ಬರುತ್ತದೆ. ಗಡಿ ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ.

ಆ ಗಡಿಗಳು ಊರಿಗೆ ಹತ್ತಿರದಲ್ಲೇ ಇವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯ 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಚಿತ್ರದುರ್ಗ ಪಟ್ಟಣದ ಬೆನ್ನಿಗೇ ಜೋಗಿಮಟ್ಟಿ ಅಭಯಾರಣ್ಯ ಇದೆ. ಹರಿಹರದಿಂದ ಹೊಳೆ ದಾಟಿ ಹೋದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ಶಿರಾ ತಾಲ್ಲೂಕಿನಲ್ಲಿ ಬುಕ್ಕಾಪಟ್ಟಣದ ಚಿಂಕಾರ ಅಭಯಾರಣ್ಯ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವುದೇ ಅಪರಾಧ. ಅದರ ಸುತ್ತ 10 ಕಿ.ಮೀ. ಒಳಗೆ ವಾಸಿಸುವ ಬಂದೂಕು ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು ಎಂದು 34ನೇ ಕಲಂ ಹೇಳುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

ಬೆಳೆ ರಕ್ಷಣೆಗೆ ಕೊಟ್ಟ ಬಂದೂಕಿನ ಲೈಸೆನ್ಸು ಆಯುಧ ಇಟ್ಟುಕೊಳ್ಳಲು ಮಾತ್ರ. ಪ್ರಾಣಿ ಹೊಡೆಯಲು ಅಪ್ಪಣೆ ಅಲ್ಲ.

ಯುಗಾದಿ ಮುಗಿದ ಮೇಲೆ ಕೆಲವು ಊರುಗಳಲ್ಲಿ ಗುಂಪು ಕಟ್ಟಿಕೊಂಡು ಮೊಲಕ್ಕೆ ಹೋಗುವ ರೂಢಿ ಇದೆ. ಸಂಪ್ರದಾಯ ಎಂದರೆ ಬಿಡುತ್ತಾರೆ ಎಂಬ ನಂಬಿಕೆಯೂ ಇದೆ. ಬಿಡುವುದಿಲ್ಲ. ಕಾಯ್ದೆಯ 65ನೇ ಕಲಂ ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳ ಬೇಟೆ ಹಕ್ಕನ್ನಷ್ಟೇ ಉಳಿಸಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಜೇನು, ಸೌದೆ, ಮೇವಿನಂಥ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿದರೂ ಬೇಟೆಯನ್ನು ಹೆಸರಿಟ್ಟು ಹೊರಗಿಟ್ಟಿದೆ.

ಹೊಲಕ್ಕೆ ನುಗ್ಗಿದರೆ

ಶೇಂಗಾ ಮೊಳೆತ ಹೊತ್ತಿಗೆ, ಕಡಲೆ ಚಿಗುರಿದ ಹೊತ್ತಿಗೆ ಹಿಂಡು ಇಳಿದರೆ ರೈತನ ಸಿಟ್ಟು ಸಹಜ. ಕಾನೂನು ಇಲ್ಲಿ ಒಂದು ಕಿಂಡಿ ಬಿಟ್ಟಿದೆ. 2ನೇ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು, ಲಿಖಿತವಾಗಿ ಅನುಮತಿ ಕೊಡಬಹುದು. ಆದರೆ 1ನೇ ಅನುಸೂಚಿಯ ಕೃಷ್ಣಮೃಗಕ್ಕೆ ಬೆಳೆ ಹಾನಿ ಕಾರಣವೇ ಆಗುವುದಿಲ್ಲ. ಅದಕ್ಕಾಗಿ ಅರ್ಜಿ ಹಾಕಿ ಕಾಯುವುದು ವ್ಯರ್ಥ. ಬಿಹಾರದಲ್ಲಿ ನೀಲಗಾಯ್ ಹೊಡೆಯಲು ಬಿಟ್ಟಿದ್ದರು ಎಂಬ ಸುದ್ದಿ ಓದಿ ಧೈರ್ಯ ಮಾಡಬೇಡಿ. ಅದು ಕೇಂದ್ರ ಸರ್ಕಾರ 62ನೇ ಕಲಮಿನಡಿ ನಿಗದಿತ ಪ್ರದೇಶಕ್ಕೆ, ನಿಗದಿತ ಅವಧಿಗೆ ಹೊರಡಿಸಿದ ಅಧಿಸೂಚನೆ.

ಕೈಗೆಟಕುವ ದಾರಿ ಪರಿಹಾರದ್ದು. ಹಾನಿ ಕಂಡ ದಿನವೇ ವಲಯ ಅರಣ್ಯ ಕಚೇರಿಗೆ ತಿಳಿಸಿ. ಸಹಾಯವಾಣಿ 1926. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಸ್ಥಳ ಪರಿಶೀಲನೆಗೆ ಮೊದಲೇ ಹೊಲ ಹರಗಿ ಮತ್ತೆ ಬಿತ್ತುವುದು. ಎರಡು, ಯಾವ ಪ್ರಾಣಿ ಎಂದು ತೋರಿಸಲು ಗುರುತಿಲ್ಲದಿರುವುದು. ಜಿಂಕೆ ಜಾತಿಯವು ಕುಡಿಯನ್ನು ಕತ್ತರಿಸಿ ತಿನ್ನುತ್ತವೆ, ಬುಡ ನಿಂತಿರುತ್ತದೆ. ಹಂದಿ ಮಣ್ಣನ್ನೇ ಮೂತಿಯಿಂದ ಉಳುತ್ತದೆ. ಗೊರಸಿನ ಗುರುತು, ಹಿಕ್ಕೆ, ತಿಂದ ಸಾಲು, ಇಷ್ಟನ್ನು ದಿನಾಂಕ ಮತ್ತು ಸ್ಥಳ ಮುದ್ರೆಯಾಗುವ ಹಾಗೆ ಮೊಬೈಲಿನಲ್ಲಿ ತೆಗೆದಿಡಿ. ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದ್ದರೆ ಅರ್ಜಿಯೂ ಅವರ ಹೆಸರಿನಲ್ಲೇ ಹೋಗಲಿ, ಇಲ್ಲದಿದ್ದರೆ ಕಡತ ಅಲ್ಲೇ ಕೂರುತ್ತದೆ.

ಬೇಲಿಗೆ ಸೋಲಾರ್ ಝಟ್ಕಾ ಮಶೀನ್ ಹಾಕಬಹುದು. ಅದು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಕಂಬದ ಲೈನಿನಿಂದ ನೇರ ತಂತಿ ಎಳೆದರೆ ಕರೆಂಟು ಬಿಡದೆ ಹಿಡಿದುಕೊಳ್ಳುತ್ತದೆ. ಸತ್ತದ್ದು ಜಿಂಕೆಯಾದರೆ ಬೇಟೆ ಕೇಸು, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನಾದರೆ ಅದಕ್ಕಿಂತ ಘೋರ. ಝಟ್ಕಾ ಕೆಲಸ ಮಾಡುತ್ತಿಲ್ಲ ಎನ್ನುವವರ ಹೊಲದಲ್ಲಿ ಸಾಮಾನ್ಯವಾಗಿ ಕೆಳತಂತಿಗೆ ಹುಲ್ಲು ತಾಗಿರುತ್ತದೆ, ಇಲ್ಲವೇ ಒಣ ನೆಲದಲ್ಲಿ ಅರ್ತಿಂಗ್ ಸೋತಿರುತ್ತದೆ. ಹುಲ್ಲು ಸವರಿ, ಅರ್ತಿಂಗ್ ರಾಡಿನ ಬುಡಕ್ಕೆ ನೀರು ಹಾಕಿ ನೋಡಿ.

ಸತ್ತ ಜಿಂಕೆ, ಗಾಯಗೊಂಡ ಜಿಂಕೆ

ಹೆದ್ದಾರಿಯಲ್ಲಿ ಗಾಡಿ ಬಡಿದು ಸತ್ತ ಜಿಂಕೆಯೂ ಸರ್ಕಾರದ ಸ್ವತ್ತು. ಎತ್ತಿಕೊಂಡು ಹೋಗುವಂತಿಲ್ಲ, ಹೂಳುವಂತೆಯೂ ಇಲ್ಲ. ಹೇಗೋ ನಿಮ್ಮ ವಶಕ್ಕೆ ಬಂದಿದ್ದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಅಷ್ಟು ಹೊತ್ತು ಕಾಯುವ ಅಗತ್ಯವೇನೂ ಇಲ್ಲ, ಆಗಲೇ ಫೋನ್ ಮಾಡಿ.

ಗಾಯವಾಗಿ ಜೀವ ಇದ್ದರೆ ಜನ ಸೇರದಂತೆ ನೋಡಿಕೊಳ್ಳುವುದೇ ಮೊದಲ ಚಿಕಿತ್ಸೆ. ಅಟ್ಟಿ ಹಿಡಿದ ಜಿಂಕೆ ಗಾಯ ಸಣ್ಣದಿದ್ದರೂ ಗಾಬರಿ ಮತ್ತು ಸ್ನಾಯುಗಳ ಬಳಲಿಕೆಯಿಂದ ಸಾಯುವುದುಂಟು. ಬಿದ್ದಲ್ಲೇ ಇದ್ದರೆ ಕಣ್ಣಿಗೆ ಟವೆಲ್ ಮುಚ್ಚಿ, ನಾಯಿಗಳನ್ನು ದೂರ ಅಟ್ಟಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹುಲ್ಲಿನಲ್ಲಿ ಅಲುಗಾಡದೆ ಮಲಗಿರುವ ಮರಿ ಅನಾಥ ಅಲ್ಲ. ತಾಯಿಯೇ ಬಚ್ಚಿಟ್ಟು ಮೇಯಲು ಹೋಗಿರುತ್ತದೆ, ಮುಟ್ಟದೆ ಬನ್ನಿ.

ಅಮೆರಿಕದಲ್ಲಿರುವ ನಮ್ಮವರಿಗೆ

ಅಲ್ಲಿ ನಿಜಕ್ಕೂ ಸೀಸನ್ ಇದೆ. ಅದು ರಾಜ್ಯದಿಂದ ರಾಜ್ಯಕ್ಕೆ, ಟೆಕ್ಸಾಸ್‌ನಂಥ ಕಡೆ ಕೌಂಟಿಯಿಂದ ಕೌಂಟಿಗೂ ಬದಲಾಗುತ್ತದೆ. ಬಿಲ್ಲಿಗೆ ಬೇರೆ ದಿನ, ಬಂದೂಕಿಗೆ ಬೇರೆ ದಿನ. ಗಂಡಿಗೆ ಎಷ್ಟು, ಹೆಣ್ಣಿಗೆ ಎಷ್ಟು ಎಂಬ ಮಿತಿಯೂ ಬೇರೆ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ತರಬೇತಿ ಮುಗಿಸಿರಬೇಕು. ಜಿಂಕೆಗೆ ಗುಂಡು ಹಾರಿಸುವ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ.

ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಇನ್ನೊಂದು ಹೆಜ್ಜೆ ಮುಂಚಿತವಾಗಿ ಇಡಬೇಕು. ಅಂಥವರು ಬಂದೂಕು ಹೊಂದುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಅಂದರೆ ಗೆಳೆಯನ ರೈಫಲ್ ಕೈಗೆ ತೆಗೆದುಕೊಳ್ಳುವ ಮೊದಲೇ ಲೈಸೆನ್ಸ್ ಜೇಬಿನಲ್ಲಿರಬೇಕು. ರಜೆಗೆ ಊರಿಗೆ ಬರುವಾಗ ಆ ಜಿಂಕೆಯ ಕೊಂಬನ್ನೋ ಒಣಮಾಂಸವನ್ನೋ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ.