ಹುಲಿಯ ಎಲ್ಲಿದ್ದಾನೆ?

ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಎಂದರೆ ರಂಗಭೂಮಿಯವರಿಗೆ ತಟ್ಟನೆ ನೆನಪಾಗುವುದು 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರು ರಂಗಾಯಣಕ್ಕೆ ಮಾಡಿಸಿದ, ರಾತ್ರಿಯಿಡೀ ನಡೆಯುವ ನಾಟಕ. ತೀರ್ಥಹಳ್ಳಿಯ ನಮ್ಮ ತಂಡದಲ್ಲಿ ಇದ್ದವರು ಹತ್ತೇ ಜನ. ಹಕ್ಕುದಾರರ ಒಪ್ಪಿಗೆ ಪಡೆದು, ಕಾದಂಬರಿಯ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಎಳೆಯೊಂದನ್ನೇ ನಲವತ್ತು ನಿಮಿಷಕ್ಕೆ ಎತ್ತಿಕೊಂಡೆವು.

ಕಷ್ಟವಾಗಿದ್ದು ಕೊನೆ. ಉಕ್ಕಿ ಹರಿಯುವ ತುಂಗೆ, ಅದರ ಪಾಲಾಗುವ ಹುಲಿಯ. ಮೊದಲು ಒಬ್ಬ ಹುಡುಗನಿಗೆ ಕರಿಕಂಬಳಿ ಹೊದಿಸಿ ನಾಲ್ಕು ಕಾಲಲ್ಲಿ ಓಡಿಸಿದೆ. ಬೊಗಳಿದ, ಬಾಲವನ್ನೂ ಅಲ್ಲಾಡಿಸಿದ. ತಾಲೀಮು ನೋಡಲು ಬಂದ ಮಕ್ಕಳು ನಾಯಿ ಸಾಯುವಾಗ ಬಿದ್ದು ಬಿದ್ದು ನಕ್ಕವು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

1956ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಶಾಲೆ ತೆರೆದ ಫ್ರೆಂಚ್ ರಂಗಶಿಕ್ಷಕ ಜಾಕ್ ಲಕಾಕ್ ನಟರಿಗೆ ನೀರು, ಬೆಂಕಿ, ಗಾಳಿ, ಮಣ್ಣನ್ನು ಮೈಯಲ್ಲೇ ಹುಡುಕಲು ಹೇಳುತ್ತಿದ್ದರು. ನಮ್ಮವರಿಗೆ 'ನೀರಾಗಿ' ಎಂದೆ. ಎಲ್ಲರೂ ಕೈ ಬಳುಕಿಸಿದರು, ಥೇಟ್ ಶಾಲಾ ವಾರ್ಷಿಕೋತ್ಸವ! ಆಮೇಲೆ ಜುಲೈ ಮಳೆಯಲ್ಲಿ ಎಲ್ಲರನ್ನೂ ಹೊಳೆದಂಡೆಗೆ ಕರೆದುಕೊಂಡು ಹೋಗಿ, ದೂರದಲ್ಲೇ ಒಂದು ಗಂಟೆ ನಿಲ್ಲಿಸಿದೆ. ತುಂಬಿದ ಹೊಳೆಯಲ್ಲಿ ಅಲೆಗಿಂತ ಒತ್ತಡ ಹೆಚ್ಚು. ನಡುವೆ ನೀರು ಬಿಗಿದ ಹಗ್ಗದಂತೆ ಓಡುತ್ತದೆ, ದಂಡೆಯಲ್ಲಿ ಮಾತ್ರ ಹಿಂದಕ್ಕೆ ಸುತ್ತುತ್ತದೆ.

ಮರುದಿನ ಕೈ ಎತ್ತುವುದನ್ನೇ ನಿಷೇಧಿಸಿದೆ. ಏಳು ಜನ ಭುಜಕ್ಕೆ ಭುಜ ಕೊಟ್ಟು, ಮಂಡಿ ಬಾಗಿಸಿ, ಸೊಂಟದಿಂದ ತಳ್ಳುತ್ತ ವೇದಿಕೆಗೆ ಓರೆಯಾಗಿ ನಡೆದರು. ತುದಿಯವನೊಬ್ಬ ಹಿಮ್ಮುಖವಾಗಿ ಸುತ್ತಿದ. ಹೊಳೆ ಬಂತು. ಮಂಡಿಚಿಪ್ಪುಗಳೂ ಊದಿಕೊಂಡವು, ಸಿಮೆಂಟ್ ನೆಲದ ಮೇಲೆ ಚಾಪೆ ಹಾಸದೆ ಇದನ್ನು ಮಾಡಬೇಡಿ.

ನಾಯಿ ಮಾಡುತ್ತಿದ್ದ ಹುಡುಗನನ್ನು ಪಕ್ಕಕ್ಕೆ ಕೂರಿಸಿ, ಬರೀ ಏದುಸಿರು ಬಿಡಲು ಹೇಳಿದೆ. ಗುತ್ತಿಯ ಎಡಗೈ ನಾಟಕದುದ್ದಕ್ಕೂ ಮಂಡಿಯ ಎತ್ತರದಲ್ಲಿ, ನಾಯಿಯ ತಲೆಯಿರುವ ಜಾಗದಲ್ಲಿ ನಿಲ್ಲಬೇಕು. ಗುತ್ತಿಯ ಪ್ರೇಯಸಿ ತಿಮ್ಮಿಯ ಪಾತ್ರದ ಹುಡುಗಿ ಆ ಜಾಗವನ್ನು ಎಂದೂ ತುಳಿಯಬಾರದು, ಸುತ್ತಿಕೊಂಡೇ ಹೋಗಬೇಕು. ನಾಯಿ ಇದೆ ಎಂದು ಜನ ನಂಬಿದ್ದು ಗುತ್ತಿಯ ಕೈಗಿಂತ ಹೆಚ್ಚಾಗಿ ಇವಳು ಸುತ್ತಿ ಹೋಗುವುದರಿಂದ ಎಂದು ನನ್ನ ಗುಮಾನಿ.

ಕೊನೆಗೆ ಆ ಏಳು ಮೈಗಳು ಗುತ್ತಿಗೂ ಏದುಸಿರಿಗೂ ನಡುವೆ ನುಗ್ಗುತ್ತವೆ. ಉಸಿರು ನಿಲ್ಲುತ್ತದೆ. ಇಲ್ಲಿ ಮಾತು ಬರೆದಿದ್ದೆ, ಎರಡು ಪುಟ, ಹರಿದು ಹಾಕಿದೆ. ಗುತ್ತಿಯ ಕೈ ಮಂಡಿಯೆತ್ತರದಲ್ಲೇ ಉಳಿಯುತ್ತದೆ. ನಟ ಮೊದಲೆರಡು ಪ್ರಯೋಗದಲ್ಲಿ ಬೇಗ ಇಳಿಸಿಬಿಟ್ಟಿದ್ದ. ಈಗ ಮನಸ್ಸಿನಲ್ಲೇ ಹನ್ನೆರಡರವರೆಗೆ ಎಣಿಸುತ್ತಾನಂತೆ.